ಇಲ್ಲೇ ಹೋಗಿ ಬರ್ತೀನಿ ಅಂದು ಹೊರಟ ದಿನ

ನಾನು ಬೈಕ್ ಓಡಿಸಲು ಶುರು ಮಾಡಿ ಹದಿನಾರು ವರ್ಷ ಆಯಿತು. ಇಷ್ಟು ವರ್ಷದಲ್ಲಿ ಜೋರಾಗಿ ಬಿದ್ದಿದ್ದು ಎರಡೇ ಸಲ. ಎರಡೂ ಸಲ ಸ್ಪೀಡು ಹೆಚ್ಚುಕಡಿಮೆ ಒಂದೇ, ಗಂಟೆಗೆ 40 ಕಿಲೋಮೀಟರ್ ಆಸುಪಾಸು. ಎರಡೂ ಸಲ ಜಾರಿದ್ದು ಮುಂದಿನ ಚಕ್ರವೇ. ಮೊದಲನೇ ಸಲ ಬಿದ್ದ ಮೇಲೆ ಮೂರು ತಿಂಗಳು ಬಲಗೈಯಲ್ಲಿ ನೀರಿನ ಲೋಟ ಎತ್ತಲು ಆಗಲಿಲ್ಲ. ಎರಡನೇ ಸಲ ಎದ್ದು, ಗಾಡಿ ಎತ್ತಿ ನಿಲ್ಲಿಸಿ, ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಂಡು ಮನೆಗೆ ಬಂದೆ. ನಡುವೆ ಬದಲಾಗಿದ್ದು ನನ್ನ ಮೈಮೇಲಿದ್ದ ಬಟ್ಟೆ.

ಮೊದಲನೇದು ಒಂದು ಭಾನುವಾರ ಬೆಳಿಗ್ಗೆ. ಮನೆಯಿಂದ ಎರಡು ಕಿಲೋಮೀಟರ್ ಕೂಡ ಹೋಗಿರಲಿಲ್ಲ. ಹೆಲ್ಮೆಟ್ ಹಾಕಿದ್ದೆ, ಪಟ್ಟಿಯನ್ನೂ ಬಿಗಿದಿದ್ದೆ, ಅದೊಂದು ಪುಣ್ಯ. ಉಳಿದಂತೆ ಟೀ ಶರ್ಟು, ಮಾಮೂಲಿ ಪ್ಯಾಂಟು, ಕಾಲಿಗೆ ಚಪ್ಪಲಿ. ಜಾಕೆಟ್, ಗ್ಲೌಸ್ ಎರಡೂ ನನ್ನ ಹತ್ತಿರ ಇದ್ದವು. ಆದರೆ ಅವನ್ನು ದೂರದ ಪ್ರಯಾಣಕ್ಕೆ ಅಂತ ಬೀರುವಿನಲ್ಲಿ ಎತ್ತಿಟ್ಟಿದ್ದೆ. ಇಲ್ಲೇ ಹೋಗಿ ಬರೋದಕ್ಕೆ ಅದೆಲ್ಲ ಯಾಕೆ ಅನ್ನಿಸಿತ್ತು.

ಒಂದು ತಿರುವಿನಲ್ಲಿ ರಸ್ತೆ ಮೇಲೆ ತೆಳ್ಳಗೆ ಮರಳು ಹರಡಿತ್ತು. ಕಂಡ ತಕ್ಷಣ ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದೆ. ಗಾಡಿ ವಾಲಿರುವಾಗ, ಅದೂ ಮರಳಿನ ಮೇಲೆ, ಹಿಡಿಯಲೇಬಾರದಿತ್ತು. ಏನಾಗುತ್ತಿದೆ ಅಂತ ಗೊತ್ತಾಗುವ ಮೊದಲೇ ನೆಲದ ಮೇಲಿದ್ದೆ. ಗಂಟೆಗೆ 40 ಅಂದರೆ ಸೆಕೆಂಡಿಗೆ 11 ಮೀಟರ್. ಮೈ ಟಾರಿಗೆ ಉಜ್ಜಿಕೊಂಡು ನಿಲ್ಲುವ ಹೊತ್ತಿಗೆ ಎರಡು ಸೆಕೆಂಡ್ ಆಗಿರಬಹುದು. ಆ ಎರಡು ಸೆಕೆಂಡಿನಲ್ಲಿ ಅಂಗೈ, ಮೊಣಕೈ, ಸೊಂಟದ ಪಕ್ಕ, ಮಂಡಿ, ಪಾದ, ಎಲ್ಲ ಕಡೆ ಚರ್ಮ ಕಿತ್ತು ಹೋಗಿತ್ತು. ಪ್ಯಾಂಟಿನ ಬಟ್ಟೆ ಮಂಡಿ ಹತ್ತಿರ ಇರಲೇ ಇಲ್ಲ.

ಬಿದ್ದ ನೋವಿಗಿಂತ ಆಸ್ಪತ್ರೆಯಲ್ಲಿ ಪಟ್ಟ ನೋವೇ ಜಾಸ್ತಿ. ತರಚಿದ ಜಾಗದಲ್ಲಿ ಮರಳು, ಟಾರಿನ ಪುಡಿ ಸೇರಿಕೊಂಡಿತ್ತು. ಅದನ್ನು ಹಾಗೇ ಬಿಟ್ಟರೆ ಕೀವು ಆಗಬಹುದು, ಆಗದಿದ್ದರೂ ಚರ್ಮ ಮುಚ್ಚಿಕೊಂಡ ಮೇಲೆ ಒಳಗೆ ಹಚ್ಚೆ ಹಾಕಿದ ಹಾಗೆ ನೀಲಿ ಕಲೆ ಉಳಿದುಬಿಡುತ್ತದೆ. ಹಾಗಾಗಿ ಉಜ್ಜಿ ತೆಗೆಯಲೇಬೇಕು. "ಸ್ವಲ್ಪ ತಡ್ಕೊಳ್ಳಿ, ಇನ್ನೊಂದೇ ಕಡೆ ಇದೆ" ಅನ್ನುತ್ತಾ ನರ್ಸ್ ಮೆತ್ತಗಿನ ಬ್ರಷ್ಷಿನಲ್ಲಿ ತಿಕ್ಕಿದರು. ಆ ಇನ್ನೊಂದೇ ಕಡೆ ಮುಗಿಯಲು ಅರ್ಧ ಗಂಟೆ ಆಯಿತು. ನಾನು ಗೋಡೆ ಕಡೆ ಮುಖ ಮಾಡಿ ಅಳುತ್ತಿದ್ದೆ.

ತರಚು ಗಾಯ ಮೂರು ವಾರದಲ್ಲಿ ಒಣಗಿತು. ಕೈ ವಾಸಿಯಾಗಲಿಲ್ಲ. ಬೀಳುವಾಗ ಎಲ್ಲರೂ ಮಾಡುವಂತೆ ನಾನೂ ಕೈ ಊರಿದ್ದೆ. ಬರಿ ಅಂಗೈ ಟಾರಿಗೆ ಕಚ್ಚಿಕೊಂಡು ನಿಲ್ಲುತ್ತದೆ, ಮೈ ಮುಂದಕ್ಕೆ ಹೋಗುತ್ತದೆ, ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಅಲ್ಲಿ ಹೆಬ್ಬೆರಳ ಬುಡದ ಕಡೆ ಸ್ಕೇಫಾಯ್ಡ್ ಅನ್ನೋ ಒಂದು ಪುಟ್ಟ ಮೂಳೆ ಇದೆ. ಮೊದಲ ದಿನದ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನೋವು ಹೋಗಲಿಲ್ಲ ಅಂತ ಎರಡು ವಾರ ಬಿಟ್ಟು ಮತ್ತೆ ತೆಗೆದಾಗ ಸೀಳು ಕಂಡಿತು. ಈ ಮೂಳೆಗೆ ರಕ್ತ ಹರಿಯುವುದೇ ಕಡಿಮೆ, ಅದಕ್ಕೇ ಕೂಡಿಕೊಳ್ಳಲು ತುಂಬಾ ದಿನ ಹಿಡಿಯುತ್ತದೆ, ಕೆಲವರಿಗೆ ಕೂಡಿಕೊಳ್ಳುವುದೇ ಇಲ್ಲ ಅಂತ ಡಾಕ್ಟರು ವಿವರಿಸಿದರು. ಹತ್ತು ವಾರ ಪ್ಲಾಸ್ಟರ್. ಶರ್ಟಿನ ಗುಂಡಿಯನ್ನೂ ಬೇರೆಯವರೇ ಹಾಕಬೇಕಿತ್ತು.

ಆ ಹತ್ತು ವಾರದಲ್ಲಿ ಓದುವುದೊಂದೇ ಕೆಲಸ. ಹೆಲ್ಮೆಟ್ ಎಲ್ಲಿಂದ ಶುರುವಾಯಿತು ಅಂತ ಹುಡುಕುತ್ತಾ ಹೋದಾಗ ಸಿಕ್ಕ ಒಂದು ಸಂಗತಿ ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ. ಲಾರೆನ್ಸ್ ಆಫ್ ಅರೇಬಿಯಾ ಅಂತ ಹೆಸರಾದ ಬ್ರಿಟಿಷ್ ಸೇನಾಧಿಕಾರಿ ಟಿ. ಇ. ಲಾರೆನ್ಸ್‌ಗೆ ಬೈಕ್ ಅಂದರೆ ಪ್ರಾಣ. 1935ರ ಮೇ 13ರಂದು ಅವರು ಒಂದು ಟೆಲಿಗ್ರಾಂ ಕಳಿಸಲು ಇಂಗ್ಲೆಂಡಿನಲ್ಲಿ ತಮ್ಮ ಮನೆ ಹತ್ತಿರದ ಬೋವಿಂಗ್ಟನ್‌ಗೆ ಹೋಗಿ ವಾಪಸ್ ಬರುತ್ತಿದ್ದರು. ಓಡಾಡಿ ಗೊತ್ತಿದ್ದ ರಸ್ತೆ. ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದರು. ತಲೆಗೆ ಪೆಟ್ಟಾಯಿತು, ಹೆಲ್ಮೆಟ್ ಇರಲಿಲ್ಲ. ಆರು ದಿನಕ್ಕೆ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಅನ್ನೋ ಮೆದುಳಿನ ಸರ್ಜನ್ ಒಬ್ಬರು. ಮುಂದೆ ಅವರು ಬೈಕ್ ಸವಾರರ ತಲೆಗಾಯಗಳ ಬಗ್ಗೆ ಅಧ್ಯಯನ ಮಾಡಿದರು. 1941ರಲ್ಲಿ ಅದು ಪ್ರಕಟವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಟೆಲಿಗ್ರಾಂ. ಲಾರೆನ್ಸ್ ಹೊರಟಿದ್ದೂ ಇಲ್ಲೇ ಹೋಗಿ ಬರೋದಕ್ಕೇ ಅಲ್ವಾ?

ಪ್ಲಾಸ್ಟರ್ ತೆಗೆದ ಮೇಲೆ ಮೊದಲು ಕೊಂಡಿದ್ದು ಗ್ಲೌಸ್. ಹಳೆಯದು ಬರೀ ಚಳಿಗೆ ಅಂತ ತೆಗೆದುಕೊಂಡ ಬಟ್ಟೆ ಗ್ಲೌಸ್. ಈ ಸಲ ಅಂಗೈ ಬುಡದಲ್ಲಿ ಗಟ್ಟಿ ಪ್ಲಾಸ್ಟಿಕ್ ತುಂಡು ಇರುವುದನ್ನೇ ಹುಡುಕಿದೆ. ಅದಕ್ಕೆ ಪಾಮ್ ಸ್ಲೈಡರ್ ಅನ್ನುತ್ತಾರೆ. ಕೈ ಊರಿದಾಗ ಟಾರಿಗೆ ಕಚ್ಚಿಕೊಳ್ಳದೆ ಜಾರಿಕೊಂಡು ಹೋಗಲಿ ಅಂತಲೇ ಅದನ್ನು ಇಟ್ಟಿರುತ್ತಾರೆ. ಇನ್ನೊಂದು ನೋಡಬೇಕಾದ್ದು ಮಣಿಕಟ್ಟಿನ ಪಟ್ಟಿ. ಅದನ್ನು ಬಿಗಿದು, ಬೆರಳ ತುದಿ ಹಿಡಿದು ಎಳೆಯಿರಿ. ಗ್ಲೌಸ್ ಕಳಚಿ ಬಂದರೆ ಬೀಳುವಾಗಲೂ ಕಳಚಿಕೊಳ್ಳುತ್ತದೆ. ಯುರೋಪಿನ ಇಎನ್ 13594 ಮಾನಕದ ಗುರುತು ಇದ್ದರೆ ಒಳ್ಳೆಯದು. ಅದರ ಜೊತೆ ಕೆಪಿ ಅಂತ ಇದ್ದರೆ ಬೆರಳ ಗೆಣ್ಣಿನ ಮೇಲಿನ ಗಾರ್ಡನ್ನೂ ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ.

ಹೆಲ್ಮೆಟ್ ಹಾಕಿದ್ದೆ ಅಂದೆನಲ್ಲ, ಅದರಲ್ಲೂ ತಪ್ಪು ಮಾಡಿದ್ದೆ. ಒಂದು ಸೈಜ್ ದೊಡ್ಡದು ಕೊಂಡಿದ್ದೆ, ಆರಾಮಾಗಿದೆ ಅಂತ. ಅಂಗಡಿಯಲ್ಲಿ ಆರಾಮಾಗಿರುವ ಹೆಲ್ಮೆಟ್ ಆರು ತಿಂಗಳಿಗೆ ಸಡಿಲ ಆಗುತ್ತದೆ, ಯಾಕೆಂದರೆ ಒಳಗಿನ ಸ್ಪಂಜು ಕೂತುಬಿಡುತ್ತದೆ. ಹೊಸದರಲ್ಲಿ ಕೆನ್ನೆ ಒತ್ತಬೇಕು. ಹೆಲ್ಮೆಟ್ ಹಿಡಿದು ಅತ್ತಿತ್ತ ತಿರುಗಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಬರಬೇಕು. ಪಟ್ಟಿ ಬಿಗಿದು, ಹಿಂದಿನ ಅಂಚಿಗೆ ಕೈ ಹಾಕಿ ಮುಂದಕ್ಕೆ ಎತ್ತಿ ತಳ್ಳಿ ನೋಡಬೇಕು. ಕಳಚಿಕೊಂಡರೆ ಆ ಸೈಜ್ ಬೇಡ. ಕೊಂಡ ಮೇಲೆ ಮನೆಯಲ್ಲಿ ಇಪ್ಪತ್ತು ನಿಮಿಷ ಸುಮ್ನೆ ಹಾಕಿಕೊಂಡು ಕೂರಿ. ಹಣೆ ಮೇಲೆ ಒಂದೇ ಕಡೆ ಕೆಂಪಗಾಗಿ ನೋಯುತ್ತಿದ್ದರೆ ಅದರ ಆಕಾರ ನಿಮ್ಮ ತಲೆಗೆ ಹೊಂದುತ್ತಿಲ್ಲ.

ಹೆಲ್ಮೆಟ್ಟಿನ ಒಳಗೆ ದಪ್ಪಗಿರುವುದು ಥರ್ಮೋಕೋಲ್ ಜಾತಿಯ ವಸ್ತುವೇ. ಪೆಟ್ಟು ಬಿದ್ದಾಗ ತಾನು ಜಜ್ಜಿಹೋಗಿ ತಲೆಗೆ ಬರುವ ಜೋರನ್ನು ಕಡಿಮೆ ಮಾಡುತ್ತದೆ. ಒಮ್ಮೆ ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ. ನನ್ನ ಹಳೇ ಹೆಲ್ಮೆಟ್ ಹೊರಗಿನಿಂದ ಚೆನ್ನಾಗೇ ಕಾಣುತ್ತಿತ್ತು, ಗಲ್ಲದ ಹತ್ತಿರ ನಾಲ್ಕು ಗೀರು ಬಿಟ್ಟರೆ ಏನೂ ಇಲ್ಲ. ಆ ನಾಲ್ಕು ಗೀರು ನನ್ನ ದವಡೆಗೆ ಬೀಳಬೇಕಾದದ್ದು. ಪಟ್ಟಿ ಕತ್ತರಿಸಿ ಎಸೆದೆ, ಬೇರೆ ಯಾರೂ ಎತ್ತಿಕೊಂಡು ಹಾಕಬಾರದು ಅಂತ. ಅವತ್ತಿನಿಂದ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಬಿಟ್ಟು ಬೇರೆ ಕೈಗೆತ್ತಿಕೊಂಡಿಲ್ಲ. ಈಗಿನದಕ್ಕೆ ಇಸಿಇ 22.06 ಅನ್ನೋ ಹೆಲ್ಮೆಟ್ ಮಾನಕದ ಗುರುತಿದೆ. ಈ ಪರೀಕ್ಷೆಯಲ್ಲಿ ನೇರ ಪೆಟ್ಟಿನ ಜೊತೆಗೆ ತಲೆಯನ್ನು ತಿರುಚುವ ಓರೆ ಪೆಟ್ಟನ್ನೂ ನೋಡುತ್ತಾರೆ. ಹೆಲ್ಮೆಟ್ ಹಾಕಿದರೆ ಬೈಕ್ ಅಪಘಾತದಲ್ಲಿ ಸಾಯುವ ಅಪಾಯ ಸುಮಾರು 42 ಪರ್ಸೆಂಟ್, ತಲೆಗಾಯದ ಅಪಾಯ ಸುಮಾರು 69 ಪರ್ಸೆಂಟ್ ಕಡಿಮೆ ಆಗುತ್ತದೆ ಅಂತ 2008ರಲ್ಲಿ ಕಾಕ್ರೇನ್ ಸಂಸ್ಥೆ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ನೋಡಿ ಹೇಳಿತು.

ಜಾಕೆಟ್ ವಿಷಯದಲ್ಲಿ ಒಂದೇ ಮಾತು ಒತ್ತಿ ಹೇಳುತ್ತೇನೆ: ಪೆಟ್ಟು ತಡೆಯಲು ಒಳಗೆ ಇಟ್ಟಿರುವ ಗಾರ್ಡ್ ಅಲ್ಲಾಡಬಾರದು. ಮೊಣಕೈ ಗಾರ್ಡ್ ಹಿಡಿದು ತಿರುಗಿಸಿ. ಸುಲಭವಾಗಿ ಪಕ್ಕಕ್ಕೆ ಹೋದರೆ ಬಿದ್ದಾಗ ಅದು ಮೊಣಕೈ ಮೇಲೆ ಇರುವುದಿಲ್ಲ. ಬೈಕ್ ಮೇಲೆ ಕೂತ ಹಾಗೆ ಕೈ ಚಾಚಿ ನೋಡಬೇಕು, ನಿಂತು ಕನ್ನಡಿ ಮುಂದೆ ನೋಡಿದರೆ ಗೊತ್ತಾಗುವುದಿಲ್ಲ. ಗಾರ್ಡಿನ ಮೇಲೆ ಲೆವೆಲ್ 1 ಅಥವಾ 2 ಅಂತ ಬರೆದಿರುತ್ತದೆ. ಕೈಕಾಲಿನ ಗಾರ್ಡಿಗೆ ಪರೀಕ್ಷೆಯಲ್ಲಿ ಒಂದೇ ಜೋರಿನ ಪೆಟ್ಟು ಕೊಟ್ಟಾಗ ಲೆವೆಲ್ 1ರಲ್ಲಿ ಸರಾಸರಿ 35 ಕಿಲೋನ್ಯೂಟನ್ ವರೆಗೆ ಬಲ ಒಳಗೆ ದಾಟಬಹುದು, ಲೆವೆಲ್ 2ರಲ್ಲಿ 20 ಮಾತ್ರ. ಎಷ್ಟೋ ಜಾಕೆಟ್‌ಗಳಲ್ಲಿ ಬೆನ್ನಿನ ಜಾಗಕ್ಕೆ ಬರೀ ತೆಳು ಸ್ಪಂಜ್ ಹಾಕಿ ಕೊಡುತ್ತಾರೆ. ಜಿಪ್ ತೆಗೆದು ನೋಡಿ, ಬೇರೆ ಗಾರ್ಡ್ ಕೊಂಡು ಹಾಕಿ. ಸೆಕೆಗೆ ಹೆದರಿ ಜಾಕೆಟ್ ಬಿಟ್ಟು ಹೋಗುವವರಿಗೆ ಗಾಳಿ ಆಡುವ ಬಲೆಯಂಥ ಬಟ್ಟೆಯ ಮೆಶ್ ಜಾಕೆಟ್ ಇದೆ. ಟಾರಿನ ಮೇಲೆ ಉಜ್ಜಿದರೆ ಚರ್ಮದ ಜಾಕೆಟ್ಟಿನಷ್ಟು ತಾಳುವುದಿಲ್ಲ, ಒಪ್ಪುತ್ತೇನೆ. ಆದರೆ ಮೈಮೇಲಿರುವ ಮೆಶ್ ಜಾಕೆಟ್ ಬೀರುವಿನಲ್ಲಿರುವ ಚರ್ಮದ ಜಾಕೆಟ್ಟಿಗಿಂತ ಸಾವಿರ ಪಾಲು ವಾಸಿ.

ಬೂಟಿಗೆ ನನ್ನ ಲೆಕ್ಕ ಸರಳ. ಕಾಲಿನ ಗಂಟು ಎರಡೂ ಕಡೆ ಮುಚ್ಚಬೇಕು, ಅಟ್ಟೆಯನ್ನು ಎರಡೂ ಕೈಯಲ್ಲಿ ಹಿಂಡಿದರೆ ಮಡಚಬಾರದು. ಗಾಡಿ ಕಾಲ ಮೇಲೆ ಬಿದ್ದಾಗ ಎರಡೂ ಬೇಕಾಗುತ್ತವೆ.

ಇಷ್ಟೆಲ್ಲ ಕೊಂಡ ಮೇಲೂ ಮೊದಲ ತಿಂಗಳು ಹತ್ತಿರಕ್ಕೆ ಹೋಗುವಾಗ ಮನಸ್ಸು ಮತ್ತೆ ಬರೀ ಟೀ ಶರ್ಟಿನಲ್ಲೇ ಹೊರಡಲು ನೋಡುತ್ತಿತ್ತು. ಆಗ ಒಂದು ಉಪಾಯ ಮಾಡಿದೆ. ಬೈಕಿನ ಕೀಯನ್ನು ಎಡಗೈ ಗ್ಲೌಸಿನೊಳಗೆ ಇಟ್ಟೆ. ಗ್ಲೌಸನ್ನು ಹೆಲ್ಮೆಟ್ಟಿನೊಳಗೆ, ಹೆಲ್ಮೆಟ್ಟನ್ನು ಜಾಕೆಟ್ ತೂಗು ಹಾಕಿದ ಗೂಟದ ಕೆಳಗೆ, ಬಾಗಿಲ ಪಕ್ಕದಲ್ಲೇ. ಕೀ ಬೇಕೆಂದರೆ ಎಲ್ಲವೂ ಕೈಗೆ ಬರಲೇಬೇಕು. ಹಾಕಿಕೊಳ್ಳಲು ಎರಡು ನಿಮಿಷ ಸಾಕು, ಗಡಿಯಾರ ಇಟ್ಟು ನೋಡಿದ್ದೇನೆ. ಹಿಂದೆ ಕೂರುವವರಿಗೂ ಒಂದು ಜೊತೆ ಅಲ್ಲೇ ಇದೆ, ಅವರ ಅಳತೆಯದ್ದೇ. ನಾನು ಬಿದ್ದರೆ ಅವರೂ ಬೀಳುತ್ತಾರೆ. ಹ್ಯಾಂಡಲ್ ಕೂಡ ಅವರ ಕೈಯಲ್ಲಿ ಇರುವುದಿಲ್ಲ.

ಎರಡನೇ ಸಲ ಬಿದ್ದಿದ್ದು ಮೊದಲನೇ ಸಲ ಬಿದ್ದು ಐದು ವರ್ಷ ಆದ ಮೇಲೆ. ರಸ್ತೆ ಮೇಲೆ ಚೆಲ್ಲಿದ್ದ ಡೀಸೆಲ್, ಮೇಲಿಂದ ಮಳೆ ಹನಿ. ಬ್ರೇಕ್ ಮುಟ್ಟಿರಲೂ ಇಲ್ಲ. ಮತ್ತೆ ಅದೇ ಬಲಗಡೆಗೆ, ಮತ್ತೆ ಕೈ ಊರಿಕೊಂಡೇ ಬಿದ್ದೆ. ಅಭ್ಯಾಸ, ತಡೆಯಲು ಆಗುವುದಿಲ್ಲ. ಆದರೆ ಈ ಸಲ ಕೈ ಕಚ್ಚಿಕೊಳ್ಳಲಿಲ್ಲ. ಅಂಗೈ ಕೆಳಗೆ ಪ್ಲಾಸ್ಟಿಕ್ ಟಾರಿಗೆ ಉಜ್ಜುವ ಕರ್ರ್ ಅನ್ನೋ ಸದ್ದು ಕೇಳಿಸಿತು, ತೋಳು ಮುಂದಕ್ಕೆ ಜಾರಿಕೊಂಡು ಹೋಯಿತು. ಎದ್ದು ಕೂತು ಬೆರಳು ಒಂದೊಂದಾಗಿ ಮಡಚಿ ನೋಡಿದೆ. ಮಣಿಕಟ್ಟು ತಿರುಗಿಸಿ ನೋಡಿದೆ. ಭುಜದಲ್ಲಿ ಒಂದು ಕಪ್ಪು ಕಲೆ ಮೂಡಿತ್ತು, ವಾರ ಇತ್ತು, ಹೋಯಿತು.

ಆ ಬಲಗೈ ಗ್ಲೌಸಿನ ಸ್ಲೈಡರ್ ಅರ್ಧದಷ್ಟು ಸವೆದಿದೆ, ಪಕ್ಕದ ಹೊಲಿಗೆ ಬಿಟ್ಟಿದೆ. ಅದನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದೇನೆ, ಬೈಕ್ ಕಲಿಯಲು ಬರುವ ಹುಡುಗರ ಕೈಗೆ ಕೊಟ್ಟು ಸವೆದ ಜಾಗ ಮುಟ್ಟಿ ನೋಡಿ ಅನ್ನುತ್ತೇನೆ. ಅದೇ ಸೈಜಿನ ಹೊಸ ಜೊತೆ ಮರುದಿನವೇ ತಂದೆ. ಕೀ ಈಗ ಅದರ ಎಡಗೈಯೊಳಗಿದೆ.