ಕಟ್ಟಿಕೊಟ್ಟ ದೋಣಿಗಳ ಜೊತೆ ಕಡಲಿಗೆ

ಕಾರವಾರದ ಕೋಡಿಬಾಗದ ಹತ್ತಿರ, ಕಾಳಿ ನದಿಯ ದಂಡೆಯಲ್ಲಿ ನನ್ನದೊಂದು ಸಣ್ಣ ಶೆಡ್ ಇದೆ. ಅಲ್ಲಿ ಫೈಬರ್ ದೋಣಿ ಕಟ್ಟುತ್ತೇವೆ. ಇರುವುದು ಎರಡೇ ಅಚ್ಚು, ಒಂದು 18 ಅಡಿಯದು, ಇನ್ನೊಂದು 22 ಅಡಿಯದು. ಕೊಳ್ಳುವವರಲ್ಲಿ ಹೋಮ್‌ಸ್ಟೇ ನಡೆಸುವವರಿದ್ದಾರೆ, ಹಿನ್ನೀರಿನಲ್ಲಿ ಏಡಿ ಸಾಕುವವರಿದ್ದಾರೆ. ಶಿರಸಿ ಕಡೆಯ ಅಡಿಕೆ ತೋಟದವರೊಬ್ಬರು ಕುಮಟಾದಲ್ಲಿ ದೋಣಿ ಇಟ್ಟುಕೊಂಡಿದ್ದಾರೆ. ಚಳಿಗಾಲ ಬಂತೆಂದರೆ ಐದಾರು ದೋಣಿಗಳು ಒಟ್ಟಾಗಿ ಹೊರಡುತ್ತೇವೆ. ಪ್ರವಾಸದಲ್ಲಿ ಗೊತ್ತಾದದ್ದು, ಶೆಡ್‌ನಲ್ಲಿ ಬದಲಾದದ್ದು, ಎರಡನ್ನೂ ತಿಂಗಳಿಗೊಮ್ಮೆ ವಾಟ್ಸಾಪ್‌ನಲ್ಲಿ ಎಲ್ಲ ಮಾಲೀಕರಿಗೆ ಬರೆದು ಕಳಿಸುತ್ತೇನೆ. ಇದನ್ನೆಲ್ಲ ಹೇಗೆ ಮಾಡುತ್ತೀರಿ ಅಂತ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ.

ದೋಣಿ ಮಾರಿ ಕೈ ತೊಳೆದುಕೊಂಡರೆ ನನಗೆ ಕಲಿಯಲು ಏನೂ ಸಿಗುವುದಿಲ್ಲ. ನಾನೊಬ್ಬನೇ ಓಡಿಸಿ ನೋಡಿದಾಗ ದೋಣಿಯಲ್ಲಿ ಭಾರ ಇರುವುದಿಲ್ಲ, ನಡೆಸುವ ಕೈಯೂ ನನ್ನದೇ. ಅದೇ ದೋಣಿಯಲ್ಲಿ ಅಜ್ಜಿ, ಮಕ್ಕಳು, ಊಟದ ಡಬ್ಬಿ, ಐಸ್ ಪೆಟ್ಟಿಗೆ ಎಲ್ಲ ಕೂತು ಎರಡು ತಾಸು ಹೋದಾಗ ಅದರ ನಿಜವಾದ ಗುಣ ಕಾಣುತ್ತದೆ. ಯಾರು ಎಲ್ಲಿ ಕೈ ಹಿಡಿಯಲು ಹುಡುಕುತ್ತಾರೆ, ಯಾವ ಸೀಟಿನವರು ನೆನೆಯುತ್ತಾರೆ, ಇಳಿಯುವಾಗ ಯಾರ ಕಾಲು ಎಲ್ಲಿ ಜಾರುತ್ತದೆ, ಇದನ್ನು ಪಕ್ಕದ ದೋಣಿಯಿಂದ ನೋಡಿಯೇ ತಿಳಿಯಬೇಕು. ಅದಕ್ಕೇ ನಾನು ಪ್ರತಿ ಪ್ರವಾಸದಲ್ಲೂ ಎಲ್ಲರಿಗಿಂತ ಹಿಂದಿನ ದೋಣಿಯಲ್ಲಿ ಇರುತ್ತೇನೆ.

ಹೊಸಬರನ್ನು ಸೀದಾ ಸಮುದ್ರಕ್ಕೆ ಕರೆದುಕೊಂಡು ಹೋಗುವುದಿಲ್ಲ. ಮೊದಲ ಪ್ರವಾಸ ಯಾವಾಗಲೂ ಕಾಳಿ ನದಿಯ ಒಳಗೆ, ಕಿನ್ನರ, ಹಣಕೋಣದ ಕಡೆ. ಅಲ್ಲಿ ಅಲೆ ಇಲ್ಲ, ದಂಡೆ ಹತ್ತಿರ, ಫೋನ್ ಸಿಗುತ್ತದೆ. ಆದರೆ ಕಲಿಯಲು ಬೇಕಾದದ್ದೆಲ್ಲ ಇದೆ. ಭರತದ ನೀರು ಒಳಗೆ ನುಗ್ಗುವಾಗ ದೋಣಿ ಹೇಗೆ ತಿರುಗುತ್ತದೆ, ಇಳಿತದಲ್ಲಿ ಮರಳು ದಿಬ್ಬ ಎಲ್ಲಿ ತಲೆ ಎತ್ತುತ್ತದೆ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಕ್ಕ ಎಷ್ಟು ನಿಧಾನ ಹೋಗಬೇಕು ಎಲ್ಲವನ್ನೂ ಅಲ್ಲೇ ನೋಡಬಹುದು. ಸೇತುವೆ ಕೆಳಗೆ ಮಾತ್ರ ತೀರಾ ಮೆಲ್ಲಗೆ ಹೋಗುತ್ತೇವೆ. 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ ಹೆದ್ದಾರಿಯ ಹಳೇ ಸೇತುವೆ ಕುಸಿದು ಬಿತ್ತಲ್ಲ, ಆಮೇಲೆ ಅಲ್ಲಿ ಯಾರಿಗೂ ಅವಸರ ಇಲ್ಲ.

ಹಗ್ಗ ಕಟ್ಟಿ ಎಳೆಯುವುದನ್ನೂ ನದಿಯಲ್ಲೇ ಮಾಡಿಸುತ್ತೇನೆ. ಒಂದು ದೋಣಿಯ ಎಂಜಿನ್ ಬಂದ್ ಮಾಡಿಸಿ ಇನ್ನೊಂದರಿಂದ ಎಳೆಸುತ್ತೇನೆ. ಹಗ್ಗವನ್ನು ಒಂದೇ ಮೂಲೆಗೆ ಕಟ್ಟಿದರೆ ಎಳೆಯುವ ದೋಣಿ ಆ ಕಡೆಗೇ ತಿರುಗುತ್ತದೆ. ಹಿಂಬದಿಯ ಎರಡೂ ಮೂಲೆಗೆ ಕಟ್ಟಿ, ನಡುವೆ ಗಂಟು ಹಾಕಿ ಎಳೆದರೆ ನೇರ ಬರುತ್ತದೆ. ಇದನ್ನು ಒಮ್ಮೆ ಕೈಯಾರೆ ಮಾಡಿದವರು ಮತ್ತೆ ಗಾಬರಿ ಆಗುವುದಿಲ್ಲ.

ಸಮುದ್ರದ ಪ್ರವಾಸಕ್ಕೆ ಒಳ್ಳೆಯ ತಿಂಗಳು ಡಿಸೆಂಬರ್‌ನಿಂದ ಫೆಬ್ರವರಿ. ಬೆಳಿಗ್ಗೆ ನೆಲದ ಕಡೆಯಿಂದ ತಣ್ಣನೆ ಗಾಳಿ ಬರುತ್ತದೆ, ದಂಡೆ ಹತ್ತಿರದ ನೀರು ಹೆಚ್ಚುಕಡಿಮೆ ಸಪಾಟು. ಮಧ್ಯಾಹ್ನ ಆಗುತ್ತಿದ್ದಂತೆ ಕಡಲ ಗಾಳಿ ಏಳುತ್ತದೆ, ವಾಯವ್ಯದಿಂದ ಸಣ್ಣ ಸಣ್ಣ ಒತ್ತು ಅಲೆ ಶುರು. ಹಾಗಾಗಿ ಬೆಳಕು ಹರಿದ ಕೂಡಲೇ ಹೊರಡುತ್ತೇವೆ, ಹನ್ನೊಂದರ ಒಳಗೆ ಯಾವುದಾದರೂ ನದಿಯ ಒಳಗೆ ಸೇರಿಕೊಳ್ಳುತ್ತೇವೆ. ವಾಪಸ್ ಬರುವುದು ಮಾರನೇ ದಿನ ಬೆಳಿಗ್ಗೆ. ಅದೇ ದಿನ ಸಂಜೆ ಮನೆಗೆ ಬರಬೇಕು ಅನ್ನುವವರಿಗೆ ನಾನು ನದಿ ಪ್ರವಾಸವೇ ಸಾಕು ಅನ್ನುತ್ತೇನೆ. ರಾತ್ರಿ ಓಡುವುದಿಲ್ಲ. ಮೀನುಗಾರರ ಬಲೆಯ ಬೆಂಡು ಕತ್ತಲೆಯಲ್ಲಿ ಕಾಣುವುದಿಲ್ಲ. ಬಲೆ ಎಂಜಿನ್‌ನ ಫ್ಯಾನಿಗೆ (ಪ್ರೊಪೆಲ್ಲರ್‌ಗೆ) ಸಿಕ್ಕಿದರೆ ನಮ್ಮ ಪ್ರವಾಸ ಕೆಡುವುದು ಒಂದು ಕಡೆ, ಅವರ ಹೊಟ್ಟೆಪಾಡಿನ ಬಲೆ ಹರಿಯುವುದು ಇನ್ನೊಂದು ಕಡೆ.

ನಮಗೆ ಇಷ್ಟದ ದಾರಿ ಕಾರವಾರದಿಂದ ಅಘನಾಶಿನಿ ನದಿಯ ಬಾಯಲ್ಲಿರುವ ತದಡಿಗೆ. ಸುಮಾರು 22 ನಾಟಿಕಲ್ ಮೈಲಿ, ಅಂದರೆ 40 ಕಿಲೋಮೀಟರ್ ಆಸುಪಾಸು. ಬೈತಖೋಲ್ ದಾಟಿದ ಮೇಲೆ ಅರ್ಗಾದ ನೌಕಾನೆಲೆ ಬರುತ್ತದೆ, ಅಂಜುದೀವ ದ್ವೀಪವೂ ಅದಕ್ಕೇ ಸೇರಿದ್ದು. ಅದು ನಿಷೇಧಿತ ಪ್ರದೇಶ. ದೂರದಿಂದ ಸುತ್ತು ಹಾಕಿ ಹೋಗುತ್ತೇವೆ, ಫೋಟೋ ತೆಗೆಯುವುದಕ್ಕೂ ಹತ್ತಿರ ಹೋಗುವುದಿಲ್ಲ. ಹೊರಡುವ ಮುಂಚಿನ ದಿನ ಕರಾವಳಿ ಕಾವಲು ಪೊಲೀಸರಿಗೆ ದೋಣಿಗಳ ನೋಂದಣಿ ಸಂಖ್ಯೆ, ಜನರ ಪಟ್ಟಿ, ಹೋಗುವ ದಾರಿ ಬರೆದು ಕೊಡುತ್ತೇವೆ. ಬೇಲೇಕೇರಿ ನಮ್ಮ ನಡುವಿನ ಆಸರೆ. ಗಾಳಿ ಬೇಗ ಎದ್ದರೆ ಅಲ್ಲಿಗೇ ನುಗ್ಗಿ ನಿಲ್ಲುವುದು ಅಂತ ಮೊದಲೇ ಮಾತಾಗಿರುತ್ತದೆ.

ಪೆಟ್ರೋಲ್ ಲೆಕ್ಕದಲ್ಲಿ ನಾನು ಸ್ವಲ್ಪವೂ ಬಿಟ್ಟುಕೊಡುವುದಿಲ್ಲ. 40 ಅಶ್ವಶಕ್ತಿ ಎಂಜಿನ್ ಹಾಕಿದ ನಮ್ಮ 18 ಅಡಿ ದೋಣಿ 15 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 15 ನಾಟಿಕಲ್ ಮೈಲಿ ಓಡುವಾಗ, ತಾಸಿಗೆ ಸುಮಾರು 10 ಲೀಟರ್ ಕುಡಿಯುತ್ತದೆ. ತದಡಿಗೆ ಒಂದೂವರೆ ತಾಸು, ಅಂದರೆ 15 ಲೀಟರ್. ಬರಲು 15. ಮೂರನೇ 15 ಲೀಟರ್ ಮುಟ್ಟಬಾರದ ಪಾಲು. ಎದುರು ಅಲೆ ಸಿಕ್ಕಿದರೆ, ಯಾರನ್ನಾದರೂ ಎಳೆದು ತರಬೇಕಾದರೆ ಅದು ಬೇಕು. ಇನ್ನೊಂದು ಮಾತು. ಈಗ ಬಂಕಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುತ್ತದೆ. ಅದು ನಮ್ಮ ಕರಾವಳಿಯ ತೇವದ ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ. ನೀರು ಜಾಸ್ತಿ ಆದಾಗ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಎಂಜಿನ್ ನಿಲ್ಲುವುದು ಆಗಲೇ. ಅದಕ್ಕಾಗಿ ನೀರು ಬೇರೆ ಮಾಡುವ ಫಿಲ್ಟರ್ ಇಲ್ಲದ ದೋಣಿಯನ್ನು ಗುಂಪಿಗೆ ಸೇರಿಸುವುದಿಲ್ಲ. ಮಳೆಗಾಲವಿಡೀ ಟ್ಯಾಂಕಿನಲ್ಲಿ ಬಿದ್ದಿದ್ದ ಪೆಟ್ರೋಲ್ ತಂದರೆ ಅದನ್ನೂ ಹಾಕಲು ಬಿಡುವುದಿಲ್ಲ.

ಗುಂಪಿನಲ್ಲಿ ವೇಗ ಯಾರದು? ಎಲ್ಲರಿಗಿಂತ ನಿಧಾನದ ದೋಣಿಯದು. ಮುಂದಿನ ದೋಣಿಯಲ್ಲಿ ದಾರಿ ಗೊತ್ತಿದ್ದವರು ಇರುತ್ತಾರೆ, ಅವರನ್ನು ಯಾರೂ ದಾಟಬಾರದು. ಹಿಂದಿನ ದೋಣಿಯಲ್ಲಿ ಹಗ್ಗ, ಪಾನಾ, ಸ್ಪಾರ್ಕ್ ಪ್ಲಗ್, ಒಂದು ಹೆಚ್ಚಿನ ಫ್ಯಾನ್, ಔಷಧಿ ಡಬ್ಬಿ. ನಡುವಿನವರು ತಮ್ಮ ಹಿಂದಿನ ದೋಣಿಯನ್ನು ಆಗಾಗ ತಿರುಗಿ ನೋಡುತ್ತಿರಬೇಕು. ಹಿಂದಿನದು ಕಾಣದಿದ್ದರೆ ನಿಲ್ಲಬೇಕು. ಹೀಗೆ ಒಬ್ಬರು ನಿಂತರೆ ಮುಂದಿನವರೂ ನಿಲ್ಲುತ್ತಾರೆ, ಕೂಗಬೇಕಾಗಿಯೇ ಇಲ್ಲ. ರೇಡಿಯೋ ಇದ್ದ ದೋಣಿಗಳು ಅಪಾಯದ ಕರೆ ಬರುವ ಚಾನೆಲ್ 16ಕ್ಕೆ ಕಿವಿ ಕೊಟ್ಟಿರುತ್ತವೆ. ಕೋಸ್ಟ್ ಗಾರ್ಡ್‌ನ ತುರ್ತು ನಂಬರ್ 1554 ಎಲ್ಲರ ಫೋನಿನಲ್ಲೂ ಇರುತ್ತದೆ. ಚಾಲಕನ ಮಣಿಕಟ್ಟಿಗೆ ಎಂಜಿನ್ ನಿಲ್ಲಿಸುವ ಕೆಂಪು ಸುರುಳಿ ದಾರ ಕಟ್ಟಿರಲೇಬೇಕು. ಅವನು ಬಿದ್ದರೆ ಎಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ದೋಣಿ ಸುತ್ತು ಹೊಡೆದು ಅವನ ಮೇಲೇ ಬರಬಹುದು.

ಇಡೀ ಪ್ರವಾಸದಲ್ಲಿ ನಾನು ಉಸಿರು ಬಿಗಿ ಹಿಡಿಯುವ ಜಾಗ ಅಳಿವೆ, ಅಂದರೆ ನದಿ ಕಡಲಿಗೆ ಸೇರುವ ಬಾಯಿ. ನಮ್ಮ ಜಿಲ್ಲೆಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಒಂದೊಂದರ ಬಾಯಿಯೂ ಒಂದೊಂದು ರೀತಿ. ಮಳೆಗಾಲದಲ್ಲಿ ನದಿ ತಂದ ಮರಳು, ಅಲೆ ತಳ್ಳಿದ ಮರಳು, ಎರಡೂ ಸೇರಿ ಪ್ರತಿ ವರ್ಷ ದಾರಿ ಬದಲಾಗುತ್ತದೆ. ಹೊನ್ನಾವರದ ಶರಾವತಿ ಅಳಿವೆಯಲ್ಲಿ ಮೀನುಗಾರರ ದೊಡ್ಡ ಬೋಟುಗಳೇ ಮರಳಿಗೆ ಸಿಕ್ಕಿಕೊಂಡಿವೆ. ಹೋದ ವರ್ಷದ ಜಿಪಿಎಸ್ ಗೆರೆ ನಂಬಿ ಈ ವರ್ಷ ಹೋಗುವ ಹಾಗಿಲ್ಲ.

ಅಳಿವೆ ಕೆಡುವುದು ಇಳಿತದಲ್ಲಿ. ನದಿಯ ನೀರು ಹೊರಗೆ ಓಡುತ್ತಿರುತ್ತದೆ, ಕಡಲ ಅಲೆ ಒಳಗೆ ಬರುತ್ತಿರುತ್ತದೆ. ಎರಡೂ ಎದುರಾದಾಗ ಅಲೆಗಳ ನಡುವಿನ ಅಂತರ ಕಡಿಮೆ ಆಗಿ, ಅಲೆ ಕಡಿದಾಗಿ ಎದ್ದು ನಿಲ್ಲುತ್ತದೆ. ಅದೇ ಜಾಗ ಭರತ ಏರುವಾಗ ಎಷ್ಟೋ ಸೌಮ್ಯ. ಅದಕ್ಕೇ ನಮ್ಮ ಪ್ರವಾಸದ ದಿನಾಂಕ ರಜೆ ನೋಡಿ ನಿರ್ಧಾರ ಆಗುವುದಿಲ್ಲ. ಭರತದ ಪಟ್ಟಿ ನೋಡಿ ಆಗುತ್ತದೆ. ಬೆಳಿಗ್ಗೆ ಒಂಬತ್ತು, ಹತ್ತರ ಹೊತ್ತಿಗೆ ನೀರು ಏರುತ್ತಿರುವ ದಿನವೇ ಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಸೆಳೆತ ಜೋರು, ಹೊಸಬರಿದ್ದರೆ ಆ ದಿನಗಳನ್ನು ಬಿಡುತ್ತೇವೆ.

ಅಳಿವೆಯ ಹೊರಗೆ ಎಲ್ಲರೂ ನಿಂತು ಕಾಯುತ್ತೇವೆ. ಒಳಗಿನಿಂದ ಮೀನುಗಾರರ ದೋಣಿ ಬರುತ್ತಿದ್ದರೆ ಅವರು ಯಾವ ಗೆರೆ ಹಿಡಿದು ಬರುತ್ತಾರೆ ಅಂತ ನೋಡುತ್ತೇವೆ. ಒಮ್ಮೆ ತದಡಿಯಲ್ಲಿ ವಯಸ್ಸಾದ ತಾಂಡೇಲರೊಬ್ಬರು (ಮೀನು ದೋಣಿಯ ಮುಖ್ಯಸ್ಥರು) ನಮ್ಮನ್ನು ಕಂಡು ತಮ್ಮ ದೋಣಿ ನಿಧಾನ ಮಾಡಿದರು.

"ಹೊಸಬ್ರು ಇದ್ದಾರಾ ತಮ್ಮಾ?"

"ಇಬ್ಬರು ಇದ್ದಾರೆ ಅಜ್ಜಾ."

"ಹಾಗಾರೆ ಒಬ್ಬೊಬ್ರೇ ಬರ್ಲಿ. ಅಲ್ಲಿ ಬೆಳ್ಳಗೆ ಕಾಣ್ತದಲ್ಲ, ಅದು ಮರಳು. ನನ್ನ ಹಿಂದೆ ಬನ್ನಿ."

ಅವರು ದೋಣಿ ತಿರುಗಿಸಿ ನಮ್ಮನ್ನು ಒಳಗೆ ತಂದು ಬಿಟ್ಟು, ಮತ್ತೆ ತಮ್ಮ ಕೆಲಸಕ್ಕೆ ಹೊರಗೆ ಹೋದರು. ಅವರ ಪೆಟ್ರೋಲ್, ಅವರ ಹೊತ್ತು. ಈಗ ಯಾವ ಹೊಸ ಅಳಿವೆಗೆ ಹೋಗುವುದಿದ್ದರೂ ಮೊದಲೇ ಅಲ್ಲಿನ ಮೀನುಗಾರರೊಬ್ಬರನ್ನು ಮಾತಾಡಿಸಿ, ದಾರಿ ತೋರಿಸಲು ಕರೆದು, ಆ ದಿನದ ಸಂಬಳ ಕೊಡುತ್ತೇವೆ. ನಮ್ಮ ಹುಡುಗರು ಇದನ್ನು ಖರ್ಚು ಅಂತ ನೋಡಬಾರದು ಅಂತ ನನ್ನ ಆಸೆ.

ಒಳಗೆ ಹೋಗುವ ರೀತಿ ಹೀಗೆ. ಅಲೆಗಳು ಗುಂಪಾಗಿ ಬರುತ್ತವೆ. ದೊಡ್ಡವು ಮುಗಿದ ಮೇಲೆ ಸ್ವಲ್ಪ ಬಿಡುವು ಸಿಗುತ್ತದೆ. ಆಗ ಒಂದು ಅಲೆಯ ಬೆನ್ನ ಮೇಲೆ ಕೂತು ಅದರ ವೇಗದಲ್ಲೇ ಹೋಗಬೇಕು. ಅದನ್ನು ದಾಟಿ ಮುಂದೆ ಜಾರಿದರೆ ದೋಣಿಯ ಮೂತಿ ಕೆಳಗೆ ಚುಚ್ಚಿ ಅಡ್ಡ ತಿರುಗುತ್ತದೆ. ತೀರಾ ಹಿಂದೆ ಬಿದ್ದರೆ ಹಿಂದಿನ ಅಲೆ ಎಂಜಿನ್ ಮೇಲೆ ಒಡೆಯುತ್ತದೆ. ಕೈ ಯಾವಾಗಲೂ ಆಕ್ಸಿಲರೇಟರ್ ಮೇಲೆ, ಕಣ್ಣು ಮುಂದೂ ಹಿಂದೂ. ಒಬ್ಬರು ಒಳಗೆ ಸೇರಿ ಕೈ ಎತ್ತುವವರೆಗೆ ಇನ್ನೊಬ್ಬರು ಹೊರಡಬಾರದು.

ಅಘನಾಶಿನಿಯ ಒಳಗೆ ಸೇರಿದ ಮೇಲಿನ ಸುಖವೇ ಬೇರೆ. ಅಗಲವಾದ ಹಿನ್ನೀರು, ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು, ಇಳಿತದಲ್ಲಿ ಮೊಣಕಾಲುದ್ದ ನೀರಿನಲ್ಲಿ ಬಳಚು (ಚಿಪ್ಪುಮೀನು) ಆರಿಸುವ ಹೆಂಗಸರು. ಅವರ ಹತ್ತಿರ ಹೋಗುವಾಗ ನೀರು ಕದಡದ ಹಾಗೆ ನಿಧಾನ ಹೋಗುತ್ತೇವೆ. ಸಂಜೆ ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಳಚಿನ ಸುಕ್ಕ. ನಮ್ಮ ಪ್ರವಾಸದ ಮಾತುಕತೆ ನಡೆಯುವುದು ಆಗಲೇ. ಒಬ್ಬೊಬ್ಬರೂ ತಮ್ಮ ದೋಣಿಯ ಬಗ್ಗೆ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ನಡುವೆ ಉತ್ತರ ಕೊಡುವುದಿಲ್ಲ. ಅಂಕೋಲೆಯ ಒಬ್ಬ ಶಿಕ್ಷಕಿ ಹೇಳಿದ್ದು ಇದು: "ದಾದಾ, ನಾನು ಕುಳ್ಳಿ. ನಿಂತು ಸ್ಟೇರಿಂಗ್ ಹಿಡಿದರೆ ಮೂತಿ ಮೇಲೆದ್ದಾಗ ಮುಂದಿನ ನೀರೇ ಕಾಣುವುದಿಲ್ಲ." ಅದನ್ನು ಶೆಡ್‌ನಲ್ಲಿ ಕೂತು ಯಾರೂ ಯೋಚಿಸಲಾರರು. ಚಾಲಕ ನಿಲ್ಲುವ ಜಾಗಕ್ಕೆ ತೆಗೆದಿಡಬಹುದಾದ ಮೆಟ್ಟಿಲು ಮಾಡಿದೆವು. ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಎರಡನ್ನೂ ಸ್ವಲ್ಪ ಮುಂದಕ್ಕೆ ತಂದೆವು, ಮೂತಿ ಏಳುವುದೂ ಕಡಿಮೆ ಆಯಿತು. ಆ ತಿಂಗಳ ಸುದ್ದಿಯಲ್ಲಿ ಅಳತೆ, ಚಿತ್ರ ಎಲ್ಲ ಹಾಕಿದೆ. ಹಳೇ ದೋಣಿಯವರೂ ಬಂದು ಸಾಮಾನಿನ ಖರ್ಚಿನಲ್ಲೇ ಮಾಡಿಸಿಕೊಂಡು ಹೋದರು.

ಸುದ್ದಿ ಬರೆಯುವಾಗ ನನಗೊಂದು ನಿಯಮ ಇದೆ. ಹೊಸ ದೋಣಿಯಲ್ಲಿ ಒಂದು ಬೋಲ್ಟ್ ದಪ್ಪ ಮಾಡಿದರೂ ಹಳೇ ದೋಣಿಯವರಿಗೆ ತಿಳಿಸಬೇಕು. ಯಾಕೆ ಮಾಡಿದೆ ಅಂತಲೂ ಹೇಳಬೇಕು. ಮಾರಾಟಕ್ಕೆ ತೊಂದರೆ ಆಗುವುದಿಲ್ಲವಾ ಅಂತ ಕೇಳುತ್ತಾರೆ. ನನ್ನ ದೋಣಿಯಲ್ಲಿ ಜನರ ಮಕ್ಕಳು ಕೂರುತ್ತಾರೆ, ಅಲ್ವಾ? ಅದರ ಮುಂದೆ ಮಾರಾಟದ ಮಾತು ಸಣ್ಣದು.

2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ವಾಪಸ್ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಕಾರವಾರದಲ್ಲಿ ಅದನ್ನು ಮರೆತವರಿಲ್ಲ. ದೋಣಿ ಕಟ್ಟುವವನಾಗಿ ನನಗೆ ಎರಡು ವಿಷಯ ಮುಖ್ಯ. ಎಷ್ಟು ಜನ ಅಂತ ದೋಣಿಯ ಮೇಲೇ ಕಣ್ಣಿಗೆ ಬೀಳುವ ಹಾಗೆ ಬರೆದಿರಬೇಕು. ಮತ್ತೆ, ನೀರು ತುಂಬಿದರೂ ಅದು ಮುಳುಗಬಾರದು, ಮಗುಚಬಾರದು.

ಎರಡನೆಯದಕ್ಕೆ ಲೆಕ್ಕ ಇದೆ. ಫೈಬರ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. 400 ಕಿಲೋ ಫೈಬರ್ ಪೂರ್ತಿ ನೀರೊಳಗೆ ಹೋದಾಗ ಕೆಳಗೆ ಎಳೆಯುವುದು 130 ಕಿಲೋದಷ್ಟೇ. ಎಂಜಿನ್ ಸುಮಾರು 100 ಕಿಲೋ. ಅದರ ಮೇಲೆ ಬ್ಯಾಟರಿ, ಸಾಮಾನು, ಹಿಡಿದುಕೊಂಡಿರುವ ಜನ. ದೋಣಿ ತೇಲಿಸಲು ಒಳಗೆ ತುಂಬುವ ಹಗುರ ಫೋಮ್ ಅರ್ಧ ಘನ ಮೀಟರ್ ಇದ್ದರೆ 450 ಕಿಲೋಗಿಂತ ಜಾಸ್ತಿ ಎತ್ತಿ ಹಿಡಿಯುತ್ತದೆ. ಆದರೆ ಫೋಮ್ ಎಲ್ಲಿ ಇರಬೇಕು ಅನ್ನುವುದು ಎಷ್ಟು ಅನ್ನುವುದರಷ್ಟೇ ದೊಡ್ಡ ಪ್ರಶ್ನೆ. ಎಲ್ಲವನ್ನೂ ತಳದಲ್ಲಿ ತುಂಬಿದರೆ ನೀರು ಹೊಕ್ಕ ದೋಣಿ ಹೊಟ್ಟೆ ಮೇಲೆ ಮಾಡಿ ಮಗುಚುತ್ತದೆ. ಎರಡೂ ಬದಿಯ ಅಂಚಿನ ಕೆಳಗೆ, ಎತ್ತರದಲ್ಲಿ ಇರಬೇಕು. ಎಂಜಿನ್ ಭಾರ ಇರುವ ಹಿಂಬದಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕು.

ಇದನ್ನು ಕಾಳಿ ನದಿಯಲ್ಲಿ ಎಲ್ಲರ ಎದುರಿಗೇ ಮಾಡಿ ತೋರಿಸುತ್ತೇವೆ. ಎಂಜಿನ್ ಬದಲು ಅಷ್ಟೇ ತೂಕದ ಕಬ್ಬಿಣ ಕಟ್ಟಿ, ದೋಣಿಯ ತುಂಬ ನೀರು ಸುರಿದು, ಲೈಫ್ ಜಾಕೆಟ್ ಹಾಕಿದ ನಮ್ಮ ಹುಡುಗರು ಒಳಗೆ ಕೂರುತ್ತಾರೆ. ಆಮೇಲೆ ಎಲ್ಲರೂ ಒಂದೇ ಬದಿಗೆ ಸರಿಯುತ್ತಾರೆ. ಅಂಚು ನೀರಿಗೆ ತಾಗುತ್ತದೆ, ಆದರೆ ದೋಣಿ ಮಗುಚದೆ ನಿಲ್ಲುತ್ತದೆ. ಇದನ್ನು ನೋಡಿದ ಮಾಲೀಕರು ಒಂದು ವಿಷಯ ಕಲಿಯುತ್ತಾರೆ: ಏನಾದರೂ ಆದರೆ ದೋಣಿ ಬಿಟ್ಟು ಈಜಲು ಹೋಗಬಾರದು, ಅದನ್ನೇ ಹಿಡಿದುಕೊಂಡಿರಬೇಕು.

ನೇತ್ರಾಣಿ ದ್ವೀಪಕ್ಕೆ ಹೋಗೋಣ ಅಂತ ಪ್ರತಿ ವರ್ಷ ಕೇಳುತ್ತಾರೆ. ಮುರ್ಡೇಶ್ವರದಿಂದ 10 ನಾಟಿಕಲ್ ಮೈಲಿ, ನಡುವೆ ಆಸರೆ ಇಲ್ಲ. 22 ಅಡಿಯ ದೋಣಿಗಳಿಗೆ ಮಾತ್ರ, ಅದೂ ಅಳಿವೆ ದಾಟಿ ಪಳಗಿದವರಿಗೆ ಮಾತ್ರ ಹೂಂ ಅನ್ನುತ್ತೇನೆ. ಅಲ್ಲಿ ಹವಳದ ಮೇಲೆ ಲಂಗರು ಬಿಡುವ ಹಾಗಿಲ್ಲ.

ಈಗ ಮಳೆಗಾಲದ ಸುದ್ದಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ನಮ್ಮ ದೋಣಿಗಳೂ ಆಗ ಶೆಡ್ ಸೇರುತ್ತವೆ. ಜೋರು ಮಳೆಯ ದಿನ ಜೆಲ್‌ಕೋಟ್ (ಫೈಬರ್‌ನ ಹೊರಗಿನ ನುಣುಪು ಪದರ) ಹೊಡೆಯುವುದಿಲ್ಲ. ತೇವ ಸೇರಿದರೆ ಮುಂದೆ ಗುಳ್ಳೆ ಏಳುತ್ತದೆ. ಆ ದಿನಗಳಲ್ಲಿ ಎಂಜಿನ್ ಸಿಹಿ ನೀರಿನಲ್ಲಿ ತೊಳೆಯುವುದು, ಗೇರ್ ಎಣ್ಣೆ ಬದಲಿಸುವುದು, ಎಂಜಿನ್ ತುಕ್ಕು ಹಿಡಿಯದಂತೆ ಹಾಕಿದ ಸತುವಿನ ತುಂಡು ಸವೆದಿದ್ದರೆ ಬೇರೆ ಹಾಕುವುದು. ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿದೆ, ನೀರು ಹೊಕ್ಕಿದೆ ಅಂತ ಅರ್ಥ. ನೂಲು ಹುಣ್ಣಿಮೆಗೆ ಮೀನುಗಾರರ ಜೊತೆ ನಾವೂ ಕಡಲಿಗೆ ತೆಂಗಿನಕಾಯಿ ಕೊಡುತ್ತೇವೆ, ಆದರೆ ಪ್ರವಾಸ ಶುರು ಆಗುವುದು ಮಳೆಯ ತೆರೆ ಪೂರ್ತಿ ಇಳಿದ ಮೇಲೆ. ಈ ಸಲವೂ ಮೊದಲನೆಯದು ಹಣಕೋಣದ ಕಡೆಗೇ. ಬರುವವರು ಒಂದು ವಾರ ಮೊದಲೇ ದೋಣಿ ತಂದು ಫಿಲ್ಟರ್, ಲೈಫ್ ಜಾಕೆಟ್ ತೋರಿಸಬೇಕು. ಮಕ್ಕಳಿದ್ದರೆ ಅವರ ತೂಕ ಮೊದಲೇ ತಿಳಿಸಿ, ಅವರ ಅಳತೆಯ ಜಾಕೆಟ್ ತರಿಸಿಡುತ್ತೇನೆ.