ಎಂಟು ಕೈ ಸೇರಿದರೆ ಕೌದಿ ಕೆಡುತ್ತದೆ ಅಂದಿದ್ದರು

ಹಳೆ ಸೀರೆಗಳನ್ನು ಪದರವಾಗಿ ಇಟ್ಟು ಕೈಯಲ್ಲೇ ಹೊಲಿದ ಹೊದಿಕೆಗೆ ನಮ್ಮ ಕಡೆ ಕೌದಿ ಅನ್ನುತ್ತಾರೆ. ನಮ್ಮ ಏಳನೇ ಕೌದಿ ಹೋದ ತಿಂಗಳು ಮುಗಿಯಿತು. ಹೊಲಿದವರು ಎಂಟು ಜನ. ಪಡಸಾಲೆಯಲ್ಲಿ ಹಾಸಿ ನಾಲ್ಕೂ ಮೂಲೆ ಒತ್ತಿ ನೋಡಿದೆ, ಎಲ್ಲೂ ಉಬ್ಬಿಲ್ಲ. ನಮ್ಮ ಓಣಿಯ ಟೇಲರ್ ಅಕ್ಕಾರು ಬಂದರು. ಅಂಗೈಯಿಂದ ಸವರಿದರು, ಮಗುಚಿ ಹಾಕಿ ಹಿಂಬದಿಯನ್ನೂ ನೋಡಿದರು. ಆಮೇಲೆ ಮೆಲ್ಲಗೆ, "ನನಗೂ ಒಂದು ಮಾಡಿ ಕೊಡ್ರಿ" ಅಂದರು. ಮೂರು ವರ್ಷದ ಹಿಂದೆ ಇದೇ ಅಕ್ಕಾರು, "ಎಂಟು ಮಂದಿ ಕೈ ಹಚ್ಚಿದ್ರ ಕೌದಿ ಆಗೂದಿಲ್ರಿ ವೈನಿ, ಗೋಣಿಚೀಲ ಆಗ್ತದ" ಅಂದಿದ್ದರು. ಮುಂಗಡ 500 ರೂಪಾಯಿ ತಗೊಂಡೇ ಬಿಟ್ಟೆ. ಬೇಕಂತಲೇ.

ಧಾರವಾಡದಲ್ಲಿ ನಮ್ಮದೊಂದು ಶನಿವಾರದ ಕೂಟ. ಮಧ್ಯಾಹ್ನ ಮೂರರಿಂದ ಆರು. ಕಸೂತಿಯವರು, ಕ್ರೋಶಾದವರು, ಉಲ್ಲನ್‌ನವರು, ಬರೀ ಗುಂಡಿ ಹಚ್ಚೋಕೆ ಬರುವವರು, ಎಲ್ಲರೂ ಇದ್ದಾರೆ. ಇಂಥ ಕೂಟ ಶುರು ಮಾಡುವುದು ಏನೂ ಕಷ್ಟವಲ್ಲ, ಶುರು ಮಾಡಿದವರಿಗೆಲ್ಲ ಗೊತ್ತು. ಮೂರನೇ ತಿಂಗಳಿಗೆ ಯಾರೂ ಬರುವುದಿಲ್ಲ, ಕಷ್ಟ ಇರುವುದು ಅಲ್ಲಿ. ನಮ್ಮದೂ ಮೂರು ಸಲ ಸತ್ತು ಹುಟ್ಟಿದೆ.

ಮೊದಲ ಸಲ ಕಲಿಸೋಕೆ ಹೋದೆ. ತಿಂಗಳಿಗೆ 300 ರೂಪಾಯಿ, ಕಸೂತಿ ಕ್ಲಾಸು. ಹನ್ನೊಂದು ಜನ ಬಂದರು. ಗವಂತಿ ಅನ್ನುವ ಕಸೂತಿ ಹೊಲಿಗೆಯಿಂದ ಶುರು ಮಾಡಿಸಿದೆ. ಗಂಟು ಹಾಕಬಾರದು, ಗೆರೆ ಎಳೆಯಬಾರದು, ಎಳೆ ಎಣಿಸಿಯೇ ಹಾಕಬೇಕು, ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಎರಡನೇ ವಾರಕ್ಕೇ "ನವಿಲು ಯಾವಾಗ್ರಿ?" ಅಂತ ಕೇಳತೊಡಗಿದರು. ನಾಲ್ಕನೇ ವಾರ ಉಳಿದವರು ಮೂವರು. ಅದರಲ್ಲಿ ಒಬ್ಬರು ನನ್ನ ನಾದಿನಿ.

ಎರಡನೇ ಸಲ ಫೀ ತೆಗೆದೆ. ವಾರಕ್ಕೊಂದು ಚಿತ್ರ ಅಂತ ಮಾಡಿದೆ. ಗೋಪುರ, ತುಳಸಿಕಟ್ಟೆ, ತೊಟ್ಟಿಲು, ಆನೆ. ಎಲ್ಲರೂ ಮನೆಯಲ್ಲಿ ಹಾಕಿ ಫೋಟೋ ಕಳಿಸಬೇಕು. ಎರಡು ವಾರ ಗೋಪುರ ಬಂದವು. ಆಮೇಲೆ ಬರೀ ಶುಭೋದಯದ ಹೂವು.

ಮೂರನೇ ಸಲದ್ದು ಉಲ್ಲನ್. ಇದರ ಬಗ್ಗೆ ಜಾಸ್ತಿ ಹೇಳಲ್ಲ, ಈಗಲೂ ಹೊಟ್ಟೆ ಉರಿಯುತ್ತದೆ. ಹುಬ್ಬಳ್ಳಿ ದುರ್ಗದಬೈಲಿಗೆ ಹೋಗಿ ಸುಮಾರು 4,000 ರೂಪಾಯಿಯ ಉಲ್ಲನ್ ತಂದೆ. ಹಸುಗೂಸುಗಳಿಗೆ ಟೊಪ್ಪಿಗೆ ಹೆಣೆದು ಆಸ್ಪತ್ರೆಗೆ ಕೊಡುವ ಯೋಚನೆ. ಹದಿನಾಲ್ಕು ಟೊಪ್ಪಿಗೆ ಆದವು. ಒಯ್ದು ಕೊಡೋಕೆ ಹೋದರೆ ತಗೊಳ್ಳಲಿಲ್ಲ. ಅಷ್ಟರಲ್ಲಿ ಏಪ್ರಿಲ್ ಬಂತು. ಬೆವರಿದ ಕೈಗೆ ಉಲ್ಲನ್ ಅಂಟುತ್ತದೆ, ಕಡ್ಡಿ ಜಾರಲ್ಲ, ಎಲ್ಲರಿಗೂ ಸಿಟ್ಟು. ಎರಡು ಕಿಲೋದಷ್ಟು ಇನ್ನೂ ನಮ್ಮ ಟ್ರಂಕಿನಲ್ಲಿದೆ, ಬೇವಿನ ಸೊಪ್ಪಿನ ಜೊತೆ.

ಕೌದಿ ಬಂದದ್ದು ಆಕಸ್ಮಿಕವಾಗಿ. ಒಂದು ಶನಿವಾರ ನಮ್ಮ ಅತ್ತಿಯವರ ಹಳೆ ಇಳಕಲ್ ಸೀರೆಗಳನ್ನು ಬಿಸಿಲಿಗೆ ಹಾಕಿ ಒಳಗೆ ತಂದು ರಾಶಿ ಹಾಕಿದ್ದೆ. ಬಂದವರು ನಾಲ್ಕೇ ಜನ, ಅದರಲ್ಲಿ ಇಬ್ಬರು ಖಾಲಿ ಕೈ. ಸುಮ್ನೆ ಕೂತು ಸೀರೆ ಮುಟ್ಟಿ ನೋಡುತ್ತಿದ್ದರು. "ಇವನ್ನ ಕೌದಿ ಮಾಡೂಣೇನ್ರಿ?" ಅಂತ ಒಬ್ಬರು ಅಂದರು. ಹಾಸಿದೆವು, ನಾಲ್ಕು ಕಡೆ ನಾಲ್ವರು ಕೂತೆವು. ಅವತ್ತು ಆರಕ್ಕೆ ಯಾರೂ ಏಳಲಿಲ್ಲ. ಏಳೂವರೆಗೆ ಒಬ್ಬರ ಗಂಡ ಹುಡುಕಿಕೊಂಡು ಬಂದರು.

ಮುಂದಿನ ವಾರ ಏಳು ಜನ. ಅದರ ಮುಂದಿನ ವಾರ ಒಂಬತ್ತು. ನನಗೆ ಖುಷಿಯೋ ಖುಷಿ. ಕೌದಿ ಮಾತ್ರ ಹಾಳಾಯಿತು.

ಹೇಗೆ ಅಂತ ಹೇಳುತ್ತೇನೆ, ಯಾಕಂದರೆ ಇದನ್ನೇ ನೀವೂ ಮಾಡುತ್ತೀರಿ. ನಾವು ಹೊಲಿಯುವುದು ಅಂಚಿನಿಂದ ನಡುವಿಗೆ, ಸುತ್ತು ಸುತ್ತಾಗಿ. ಒಬ್ಬರೇ ಹೊಲಿದರೆ ತೊಂದರೆ ಇಲ್ಲ. ನಾಲ್ಕು ಕಡೆ ನಾಲ್ವರು ಕೂತರೆ ಒಬ್ಬರದು ಬಿಗಿ ಕೈ, ಒಬ್ಬರದು ಸಡಿಲ ಕೈ. ಬಿಗಿ ಕೈಯವರ ಕಡೆ ಬಟ್ಟೆ ಸುಕ್ಕು ಹಿಡಿದು ಗಿಡ್ಡ ಆಗುತ್ತದೆ, ಎದುರಿನ ಕಡೆ ಹಾಗೇ ಉಳಿಯುತ್ತದೆ. ಮೇಲಾಗಿ ಜೋರಾಗಿ ಹೊಲಿಯುವವರು ಐದು ಸಾಲು ಒಳಗೆ ಹೋಗಿರುತ್ತಾರೆ, ಪಕ್ಕದವರು ಎರಡರಲ್ಲೇ. ಮೂಲೆಯಲ್ಲಿ ಸಾಲಿಗೆ ಸಾಲು ಕೂಡುವುದಿಲ್ಲ. ಉಳಿದ ಸಡಿಲವೆಲ್ಲ ನಡುವಿಗೆ ಬಂದು ಕೂರುತ್ತದೆ. ನಮ್ಮ ಮೊದಲ ಕೌದಿಗೆ ಹೊಟ್ಟೆ ಬಂತು. ನಿಜವಾಗಿ, ಒಳಗೆ ಬೆಕ್ಕು ಮಲಗಿದ ಹಾಗೆ. ಗೋಣಿಚೀಲದ ಮಾತು ಬಂದದ್ದು ಆಗಲೇ.

ಅದನ್ನು ಒಗೆದ ಮೇಲೆ ಇನ್ನೊಂದು ಪಾಠ. ಇಳಕಲ್ ಸೀರೆಯ ಮೈ ಹತ್ತಿ, ಸೆರಗು ರೇಷ್ಮೆ, ಎರಡನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಚಂದ ಅಂತ ಕೆಂಪು ಸೆರಗನ್ನು ಹಾಗೇ ಮೇಲೆ ಇಟ್ಟಿದ್ದೆವು. ಒಂದೇ ಒಗೆತಕ್ಕೆ ಕೆಂಪು ಬಿಟ್ಟು ಪಕ್ಕದ ಬಿಳಿ ತುಂಡೆಲ್ಲ ಗುಲಾಬಿ. ಸೆರಗು ಒಂದು ರೀತಿ ಕುಗ್ಗಿತು, ಹತ್ತಿ ಇನ್ನೊಂದು ರೀತಿ. ಈಗ ಸೆರಗು ಬಿಚ್ಚಿ ಬೇರೆ ಇಡುತ್ತೇವೆ. ಉಳಿದದ್ದನ್ನು ನೀರು ತಿಳಿಯಾಗುವ ತನಕ ಒಗೆದೇ ಕತ್ತರಿಸುವುದು. ಕೆಲವಕ್ಕೆ ಎರಡು ಸಲ ಸಾಕು, ಒಂದು ಹಸಿರು ಸೀರೆಗೆ ಆರು ಸಲ ಬೇಕಾಯಿತು. ಪಾಲಿಯೆಸ್ಟರ್ ಅಂತೂ ಮುಟ್ಟುವುದಿಲ್ಲ. ಸೂಜಿ ಜಾರುತ್ತದೆ, ಹೊದ್ದರೆ ಬೆವರು, ಹೊಲಿಗೆ ಕೂರುವುದೇ ಇಲ್ಲ.

ಎರಡನೇ ಕೌದಿಗೆ ನಾನು ಹುಷಾರಾದೆ. ಬಿಗಿ ಕೈಯವರಿಗೆ "ಸ್ವಲ್ಪ ಸಡಿಲ ಬಿಡ್ರಿ" ಅಂತ ಹೇಳತೊಡಗಿದೆ. ದೊಡ್ಡ ತಪ್ಪು. ಇಬ್ಬರು ಮುನಿಸಿಕೊಂಡು ಒಂದು ತಿಂಗಳು ಬರಲಿಲ್ಲ. ಮೂವತ್ತು ವರ್ಷ ಹೊಲಿದ ಕೈಗೆ ಯಾರಾದರೂ ಹಾಗೆ ಹೇಳುತ್ತಾರಾ? ಕೈ ಬದಲಾಗುವುದಿಲ್ಲ. ಜಾಗ ಬದಲಾಗಬಹುದು.

ಇದು ಹೊಳೆದ ಮೇಲೆ ದಾರಿ ಸರಿಹೋಯಿತು. ಒಂದು ಸುತ್ತು ಮುಗಿದ ಕೂಡಲೇ ಎಲ್ಲರೂ ಎದ್ದು ಬಲಕ್ಕೆ ಒಂದು ಜಾಗ ಸರಿಯಬೇಕು. ಹೀಗೆ ಮಾಡಿದರೆ ಬಿಗಿ ಕೈ, ಸಡಿಲ ಕೈ ನಾಲ್ಕೂ ಕಡೆ ಸಮನಾಗಿ ಹಂಚಿಹೋಗುತ್ತದೆ. ಎರಡನೆಯದು, ಮೂಲೆಯಲ್ಲಿ ಪಕ್ಕದವರ ಸಾಲು ಬಂದು ಕೂಡುವ ತನಕ ಯಾರೂ ಮುಂದಿನ ಸಾಲು ಶುರು ಮಾಡುವಂತಿಲ್ಲ. ಎಷ್ಟೇ ಜೋರು ಕೈ ಇರಲಿ, ಕಾಯಬೇಕು. ಕಾಯುವಾಗ ಏನು ಮಾಡುವುದು? ಅದಕ್ಕೇ ಪ್ರತಿಯೊಬ್ಬರೂ ಮನೆಯಲ್ಲಿ ಅರ್ಧಕ್ಕೆ ಬಿಟ್ಟ ಒಂದು ಕೆಲಸ ತರಬೇಕು. ಹೊಸದು ತರಬಾರದು, ಅರ್ಧದ್ದೇ ಆಗಬೇಕು. ಯಾರ ಮನೆಯಲ್ಲಿ ಅರ್ಧ ಹೆಣೆದ ಸ್ವೆಟರ್ ಇಲ್ಲ ಹೇಳಿ? ಒಬ್ಬರು 2011ರಲ್ಲಿ ಮಗನಿಗೆ ಅಂತ ಶುರು ಮಾಡಿದ ಸ್ವೆಟರ್ ತಂದರು. ಮಗ ಈಗ ಇಂಜಿನಿಯರಿಂಗ್. ಬಿಚ್ಚಿ ಮೊಮ್ಮಗಳಿಗೆ ಕಾಲುಚೀಲ ಮಾಡಿದರು.

ಈ ಕಾಯುವಿಕೆಯೇ ಕೂಟವನ್ನು ಉಳಿಸಿತು ಅಂತ ನನ್ನ ಲೆಕ್ಕ. ಮೊದಲು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ತಲೆ ಬಗ್ಗಿಸಿ ಕೂರುತ್ತಿದ್ದರು, ಇಲ್ಲವೇ ಬರೀ ಹರಟೆ. ಈಗ ಪಕ್ಕದವರ ಸೂಜಿ ಮೇಲೆ ಒಂದು ಕಣ್ಣು. "ಬಂದ್ರೇನು? ಇನ್ನೂ ಒಂದು ಗೇಣು ಐತಿ." ಬಾರದೇ ಉಳಿದರೆ ಫೋನ್ ಹೋಗುತ್ತದೆ, ನಿಮ್ಮ ಕಡೆ ಸಾಲು ನಿಂತಿದೆ ಅಂತ.

ಇನ್ನು ಕಚ್ಚಾ ಟಾಕಿ, ಅಂದರೆ ಪದರ ಜಾರದಿರಲಿ ಅಂತ ಮೊದಲೇ ಹಾಕುವ ತಾತ್ಕಾಲಿಕ ಹೊಲಿಗೆ. ನಡುವಿನಿಂದ ಅಂಚಿಗೆ ಹಾಕಬೇಕು, ಹೊಲಿಗೆ ಬರುವ ದಿಕ್ಕಿಗೆ ಉಲ್ಟಾ. ಒಂದೊಂದು ಗೇಣಿಗೆ ಒಂದು. ಇದಕ್ಕೇ ಒಂದು ಇಡೀ ಶನಿವಾರ ಹೋಗುತ್ತದೆ, ಹೋಗಲಿ ಬಿಡಿ. ಇಷ್ಟಾದರೂ ಕೊನೆಯ ಒಂದೂವರೆ ಗೇಣಿನ ನಡು ಜಾಗದಲ್ಲಿ ಸ್ವಲ್ಪ ಸಡಿಲ ಉಳಿದೇ ಉಳಿಯುತ್ತದೆ. ಅದನ್ನು ನಾನೊಬ್ಬಳೇ ಮನೆಯಲ್ಲಿ ಕೂತು ಮುಗಿಸುತ್ತೇನೆ. ಹೇಗೆ ಅಂತ ಮಾತ್ರ ಕೇಳಬೇಡಿ. ನಮ್ಮ ಕೂಟದವರಿಗೂ ಹೇಳಿಲ್ಲ.

ಮೂಲೆಯ ಹೂವನ್ನು ಮಾತ್ರ ಕಲಿತು ಬಂದದ್ದು. ಕೌದಿ ಮಾರಿದ ದುಡ್ಡು ಕೂಟದ ಡಬ್ಬಿಯಲ್ಲಿ ಸೇರಿದ ಮೇಲೆ ಆರು ಜನ ಬಸ್ ಹತ್ತಿ ಹಳಿಯಾಳದ ಕಡೆ ಹೋದೆವು, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕವಂದಿ, ಅಂದರೆ ಅವರ ಕೌದಿ, ನೋಡೋಕೆ. ಅವರೂ ಮೂಲೆಯಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಮಡಿಚಿದ ತ್ರಿಕೋನದ ಬಟ್ಟೆಗಳನ್ನು ಪದರ ಪದರವಾಗಿ ಇಟ್ಟು ಹೊಲಿಯುತ್ತಾರೆ, ಅದಕ್ಕೆ ಫೂಲ, ಅಂದರೆ ಹೂವು, ಅನ್ನುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅಂತೆ. ಬಣ್ಣದ ಪಕ್ಕ ಬಣ್ಣ ಇಡುವ ಅವರ ಧೈರ್ಯ ನೋಡಿ ನಮಗೆ ನಾಚಿಕೆ ಆಯಿತು. ನಾವು ಮ್ಯಾಚಿಂಗ್ ಮ್ಯಾಚಿಂಗ್ ಅಂತ ಸಾಯುತ್ತೇವೆ. ಐದನೇ ಕೌದಿಯಿಂದ ನಮ್ಮದಕ್ಕೂ ಮೂಲೆಯಲ್ಲಿ ಹೂವಿದೆ. ಅವರ ಕೈ ನಮಗೆ ಬಂದಿಲ್ಲ, ಒಪ್ಪುತ್ತೇನೆ.

ದುಡ್ಡಿನ ಲೆಕ್ಕಕ್ಕೆ ಬರುತ್ತೇನೆ. ನಮ್ಮ ಕೌದಿ ಸುಮಾರು 5 ಅಡಿ ಅಗಲ, 7 ಅಡಿ ಉದ್ದ. ನಾಲ್ಕು ಸೀರೆ ಹಿಡಿಯುತ್ತದೆ. ಸಾಲಿಗೂ ಸಾಲಿಗೂ ಒಂದು ಬೆರಳು ಅಂತರ. ಒಮ್ಮೆ ಹಟಕ್ಕೆ ಬಿದ್ದು ಲೆಕ್ಕ ಹಾಕಿದೆ: ಹೊಲಿಗೆಯ ಒಟ್ಟು ಉದ್ದ 200 ಮೀಟರ್ ದಾಟುತ್ತದೆ, ದಾರ 250 ಮೀಟರ್ ಚಿಲ್ಲರೆ ಬೇಕು. ಏಳೆಂಟು ಜನ ಮೂರು ಗಂಟೆ ಕೂತರೂ ನಿಜವಾಗಿ ಸೂಜಿ ಓಡುವುದು ಎರಡು ಗಂಟೆ. ಐದಾರು ಶನಿವಾರ ಬೇಕು. ಅಂದರೆ ಒಂದು ಕೌದಿಗೆ 75 ಗಂಟೆಯಾದರೂ ಆಯಿತು.

ಖರ್ಚು ದಾರ, ಅಂಚಿನ ಬಟ್ಟೆ, ಸೋಪು ಎಲ್ಲ ಸೇರಿ 400ರ ಒಳಗೆ. ಚಹಾ ಅವಲಕ್ಕಿ ಸರದಿ ಮೇಲೆ, ಅದು ಲೆಕ್ಕಕ್ಕಿಲ್ಲ. ನಾಲ್ಕನೇ ಕೌದಿಯನ್ನು 2,800ಕ್ಕೆ ಮಾರಿದೆವು. ಎಲ್ಲರೂ ಚಪ್ಪಾಳೆ ಹೊಡೆದರು. ರಾತ್ರಿ ಕೂತು ಭಾಗಿಸಿದೆ. ಗಂಟೆಗೆ 32 ರೂಪಾಯಿ. ಬೆಳಿಗ್ಗೆ ನಮ್ಮ ಮನೆಯವರಿಗೆ ಹೇಳಿದರೆ, "ಹತ್ತಿ ಬಿಡಿಸೋಕ ಹೋಗ್ರಿ, ಇದಕ್ಕಿಂತ ಜಾಸ್ತಿ ಕೊಡ್ತಾರ" ಅಂದರು. ಈಗ 3,500 ಹೇಳುತ್ತೇವೆ. ಮಷೀನ್ ರಜಾಯಿ 1,200ಕ್ಕೆ ಸಿಗುತ್ತದಲ್ಲ ಅಂದವರಿಗೆ ಅದನ್ನೇ ತಗೊಳ್ಳಿ ಅನ್ನುತ್ತೇನೆ. ಬಂದ ದುಡ್ಡು ಹಂಚಿಕೊಳ್ಳುವುದಿಲ್ಲ. ಡಬ್ಬಿಗೆ ಹೋಗುತ್ತದೆ, ದಾರಕ್ಕೆ, ಬಸ್ಸಿಗೆ, ಯಾರದಾದರೂ ಕನ್ನಡಕ ಒಡೆದರೆ ಅದಕ್ಕೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಕ್ರೋಶಾದ ಕಾಕು ಒಬ್ಬರಿದ್ದಾರೆ, ತೊಳೆಯದ ಸೀರೆಯಿಂದ ಹಿಡಿದು ಪ್ಲಾಸ್ಟಿಕ್ ಚೀಲದ ತನಕ ಎಲ್ಲದರಲ್ಲೂ ಹೆಣೆಯುತ್ತಾರೆ. ಕೌದಿಗೆ ಬಾರದ ಸವೆದ ಸೀರೆಯನ್ನು ಒಂದು ಇಂಚಿನ ಪಟ್ಟಿಯಾಗಿ, ತುಂಡಾಗದ ಹಾಗೆ ಹಿಂದೆ ಮುಂದೆ ಕತ್ತರಿಸಿದರು. ಒಂದೇ ಸೀರೆಯಿಂದ 200 ಮೀಟರ್‌ಗೂ ಹೆಚ್ಚು ಪಟ್ಟಿ! ಅಷ್ಟು ದಪ್ಪದ ಕ್ರೋಶಾ ಸೂಜಿ ಸಿಗಲಿಲ್ಲ. ಬಡಗಿ ಹತ್ತಿರ ಬೆರಳು ದಪ್ಪದ ಕಟ್ಟಿಗೆ ಕೆತ್ತಿಸಿ, ಉಸುಕು ಕಾಗದದಿಂದ ಉಜ್ಜಿ, ಕೊಬ್ಬರಿ ಎಣ್ಣೆ ಹಚ್ಚಿದೆವು. ಕಾಲೊರಸು ಭರ್ಜರಿ ಆಯಿತು. ಆದರೆ ಒದ್ದೆ ಆದರೆ ಎರಡು ದಿನ ಒಣಗಲ್ಲ. ಜುಲೈ ತಿಂಗಳ ನಮ್ಮ ಜಿಟಿಜಿಟಿ ಮಳೆಯಲ್ಲಿ ಅದರ ವಾಸನೆಗೆ ನಾಯಿ ಕೂಡ ಮಲಗಲಿಲ್ಲ. ಕಾಕು ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಹದಿನೈದು ದಿನ ಓಡಾಡಿದರು. ಈಗ ಸೆರಗಿನ ಪಟ್ಟಿಯಲ್ಲಿ ಚೀಲ ಹೆಣೆಯುತ್ತಿದ್ದಾರೆ. ಅದು ನಡೆಯಬಹುದು.

ಸೂಜಿಯ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಮೂರನೇ ಕೌದಿ ಹೊಲಿಯುವಾಗ ಒಂಬತ್ತು ಸೂಜಿ ಕೊಟ್ಟಿದ್ದೆ, ಎಂಟು ವಾಪಸ್ ಬಂದವು. ಕೌದಿ ಹೋಗಬೇಕಾದದ್ದು ಒಂದು ಬಾಣಂತಿ ಮನೆಗೆ. ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಬೆಳಿಗ್ಗೆ ಎದ್ದು ಕೆಟ್ಟ ರೇಡಿಯೋದ ಸ್ಪೀಕರ್ ಬಿಚ್ಚಿ ಅಯಸ್ಕಾಂತ ತೆಗೆದೆ. ಕೌದಿ ಮೇಲೆ ಒಂದೊಂದೇ ಸಾಲು ಹಿಡಿದು ಮೆಲ್ಲಗೆ ಎಳೆಯುತ್ತ ಹೋದೆ. ಅಂಚಿನಿಂದ ಎರಡು ಗೇಣು ಒಳಗೆ ಟಕ್ ಅಂತ ಹಿಡಿಯಿತು. ಸೂಜಿ ಎರಡು ಪದರದ ನಡುವೆ ಅಡ್ಡ ಮಲಗಿತ್ತು, ಮೇಲಿನಿಂದ ಸವರಿದರೆ ತಿಳಿಯುತ್ತಲೇ ಇರಲಿಲ್ಲ. ಅವತ್ತಿನಿಂದ ಎಣಿಸಿ ಕೊಡುವುದು, ಎಣಿಸಿ ಇಸಿದುಕೊಳ್ಳುವುದು. ಲೆಕ್ಕ ಕೂಡದಿದ್ದರೆ ಯಾರೂ ಏಳುವಂತಿಲ್ಲ, ಗ್ಯಾಸ್ ಮೇಲೆ ಹಾಲಿಟ್ಟು ಬಂದಿದ್ದರೂ ಅಷ್ಟೇ.

ಎಂಟನೆಯದು ಟೇಲರ್ ಅಕ್ಕಾರದ್ದು. ಮೊನ್ನೆ ಸೀರೆಯ ಗಂಟು ಕಳಿಸಿದ್ದರು. ಬಿಚ್ಚಿ ನೋಡಿದೆ. ನಾಲ್ಕರಲ್ಲಿ ಎರಡು ಪಾಲಿಯೆಸ್ಟರ್. ಮೂವತ್ತು ವರ್ಷ ಹೊಲಿದ ಟೇಲರ್ ನೋಡಿ! ವಾಪಸ್ ಕಳಿಸಿದ್ದೇನೆ.