ಪುಣೆಗೆ ಹೊಸದಾಗಿ ಬಂದವರಿಗೆ: ಯಾವ ಸರ್ಕಾರಿ ನೆರವು ನಿಮ್ಮ ಜೊತೆ ಬರುತ್ತದೆ, ಯಾವುದು ಊರಲ್ಲೇ ಉಳಿಯುತ್ತದೆ

ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ದುಡಿಯಲು ಬಂದ ಕುಟುಂಬಗಳಿಗಾಗಿ ಇದನ್ನು ಬರೆದಿದ್ದೇವೆ. ಐಟಿ ಕೆಲಸಕ್ಕೆ ಬಂದವರೂ ಓದಿ. ಸೊಸೈಟಿಯ ವಾಚ್‌ಮನ್ ಅಣ್ಣನಿಗೆ, ಮನೆಗೆಲಸಕ್ಕೆ ಬರುವ ಅಕ್ಕನಿಗೆ ನೀವೇ ಹೇಳಬೇಕಾಗುತ್ತದೆ. ರಾಜ್ಯೋತ್ಸವದ ಊಟಕ್ಕೆ ಬರುವ ಉತ್ಸಾಹ ಇದಕ್ಕೂ ಇರಲಿ, ಅಲ್ವಾ?

ರೇಷನ್

ಊರಿನ ಕಾರ್ಡನ್ನು ರದ್ದು ಮಾಡಿಸಬೇಡಿ. 'ಒಂದು ದೇಶ ಒಂದು ರೇಷನ್ ಕಾರ್ಡ್' ವ್ಯವಸ್ಥೆಯಲ್ಲಿ ಊರಿನ ಬಿಪಿಎಲ್ ಕಾರ್ಡಿಗೇ ಇಲ್ಲಿನ ರೇಷನ್ ಅಂಗಡಿಯಲ್ಲಿ ಧಾನ್ಯ ಸಿಗುತ್ತದೆ. ಕಾರ್ಡಿನ ನಂಬರ್ ಅಥವಾ ಆಧಾರ್ ಹೇಳಿ, ಬೆರಳು ಒತ್ತಿ. ತಲೆಗೆ 5 ಕೆಜಿ. 2023ರ ಜನವರಿಯಿಂದ ಉಚಿತ. ಇದು ಕೇಂದ್ರದ ಪಾಲು ಮಾತ್ರ. ಕರ್ನಾಟಕ ತನ್ನ ಕಡೆಯಿಂದ ಸೇರಿಸಿ ಕೊಡುವುದು ಇಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಅಂಗಡಿಯವರ ಜೊತೆ ಸುಮ್ನೆ ಜಗಳ ಬೇಡ. ನಿಮ್ಮ ಪಾಲನ್ನು ಇಲ್ಲಿ ತಗೊಂಡರೂ ಊರಲ್ಲಿರುವ ಅಪ್ಪ-ಅಮ್ಮನ ಪಾಲು ಅಲ್ಲಿ ಸಿಗುತ್ತದೆ.

ಜಾತಿ ಪ್ರಮಾಣಪತ್ರ

ಇದನ್ನು ಎರಡು ಸಲ ಓದಿ. ನಮ್ಮವರು ಜಾಸ್ತಿ ಪೆಟ್ಟು ತಿಂದಿರುವುದು ಇಲ್ಲೇ.

ಜಾತಿಯ ಪಟ್ಟಿ ಒಂದೊಂದು ರಾಜ್ಯಕ್ಕೆ ಒಂದೊಂದು. ಲಂಬಾಣಿಗಳು ಕರ್ನಾಟಕದಲ್ಲಿ ಎಸ್‌ಸಿ, ಮಹಾರಾಷ್ಟ್ರದಲ್ಲಿ ಬಂಜಾರಾ ಎಂಬ ಹೆಸರಿನಲ್ಲಿ ವಿಮುಕ್ತ ಜಾತಿ (ಇಲ್ಲಿನ ಬೇರೆಯೇ ಒಂದು ಮೀಸಲಾತಿ ವರ್ಗ), ತೆಲಂಗಾಣದಲ್ಲಿ ಎಸ್‌ಟಿ. ವಡ್ಡರೂ ಕರ್ನಾಟಕದಲ್ಲಿ ಎಸ್‌ಸಿ, ಇಲ್ಲಿ ವಿಮುಕ್ತ ಜಾತಿ. ಇನ್ನು ಕೆಲವು ಜಾತಿಗಳು ಎರಡೂ ರಾಜ್ಯಗಳ ಎಸ್‌ಸಿ ಪಟ್ಟಿಯಲ್ಲಿವೆ. ಹಾಗಿದ್ದರೂ ವಲಸೆ ಬಂದವರಿಗೆ ಮಹಾರಾಷ್ಟ್ರದ ಮೀಸಲಾತಿ ಸಿಗುವುದಿಲ್ಲ. ಸುಪ್ರೀಂ ಕೋರ್ಟ್ 1990ರಲ್ಲಿ ಹೀಗೆ ಹೇಳಿತು. ಅದೂ ಮುಂಬೈನ ಒಂದು ಮೆಡಿಕಲ್ ಸೀಟಿನ ಕೇಸಿನಲ್ಲಿ.

ಇಲ್ಲಿನ ಪ್ರಮಾಣಪತ್ರ ಬೇಕಾದರೆ ನಿಮ್ಮ ಹಿರಿಯರು ಒಂದು ನಿಗದಿತ ದಿನಕ್ಕೆ ಮೊದಲೇ ಮಹಾರಾಷ್ಟ್ರದಲ್ಲಿ ಇದ್ದರೆಂದು ತೋರಿಸಬೇಕು. ಎಸ್‌ಸಿಗೆ 1950ರ ಆಗಸ್ಟ್ 10, ಎಸ್‌ಟಿಗೆ 1950ರ ಸೆಪ್ಟೆಂಬರ್ 6, ವಿಮುಕ್ತ ಮತ್ತು ಅಲೆಮಾರಿ ಜಾತಿಗಳಿಗೆ 1961ರ ನವೆಂಬರ್ 21, ಒಬಿಸಿಗೆ 1967ರ ಅಕ್ಟೋಬರ್ 13. ಹೋದ ವರ್ಷ ಬಂದವರು ಇದನ್ನು ಹೇಗೆ ತೋರಿಸುತ್ತಾರೆ? ಏಜೆಂಟ್ ಮಾಡಿಸಿಕೊಡುತ್ತೇನೆ ಅಂದರೆ ನಂಬಬೇಡಿ. ಸುಳ್ಳು ಪ್ರಮಾಣಪತ್ರ ಪರಿಶೀಲನಾ ಸಮಿತಿಯ ಮುಂದೆ ಬಿದ್ದುಹೋಗುತ್ತದೆ, ಮಗುವಿನ ಸೀಟೂ ಹೋಗುತ್ತದೆ.

ಹಾಗಂತ ಊರಿನ ಪ್ರಮಾಣಪತ್ರ ವ್ಯರ್ಥವಲ್ಲ. ಕೇಂದ್ರ ಸರ್ಕಾರದ ಕೆಲಸ, ಐಐಟಿ, ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಅದು ನಡೆಯುತ್ತದೆ. ಮಗು ಪುಣೆಯಲ್ಲೇ ಹುಟ್ಟಿದ್ದರೂ ಅಪ್ಪನ ಊರಿನ ಪ್ರಮಾಣಪತ್ರದ ಆಧಾರದ ಮೇಲೆ ಕೇಂದ್ರದ ಉಪಯೋಗಕ್ಕೆ ಇಲ್ಲಿ ಮಾಡಿಸಬಹುದು. ಹತ್ತನೆಯ ತರಗತಿ ದಾಟಿದ ಎಸ್‌ಸಿ ಮಕ್ಕಳ ಸ್ಕಾಲರ್‌ಶಿಪ್ ಕೊಡಬೇಕಾದ್ದು ಕುಟುಂಬದ ಮೂಲ ರಾಜ್ಯ. ಇಲ್ಲಿ ಓದುತ್ತಿದ್ದರೂ ಕರ್ನಾಟಕಕ್ಕೇ ಅರ್ಜಿ ಹಾಕಿ. ಆದ್ದರಿಂದ ಊರು ಬಿಡುವ ಮೊದಲೇ ತಹಸೀಲ್ದಾರ್ ಕಚೇರಿಯಿಂದ ಜಾತಿ-ಆದಾಯದ ಕಾಗದ ಮಾಡಿಸಿ. ಬಂದಾಗಿದೆಯೇ? ಹಾಗಾದರೆ ಜಾತ್ರೆಗೆ ಹೋದಾಗ ಒಂದು ದಿನ ಹೆಚ್ಚು ಉಳಿಯಿರಿ.

ಕಟ್ಟಡ ಕೆಲಸದವರು

ಬಿಲ್ಡರ್‌ಗಳಿಂದ ವಸೂಲಾಗುವ ಶೇ 1ರ ಸೆಸ್ ನಿಮ್ಮ ಹೆಸರಿನ ದುಡ್ಡು. ಅದನ್ನು ಖರ್ಚು ಮಾಡುವುದು ಮಹಾರಾಷ್ಟ್ರದ ಕಟ್ಟಡ ಕಾರ್ಮಿಕರ ಮಂಡಳಿ. ವಯಸ್ಸು 18ರಿಂದ 60, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ. ಇಷ್ಟಿದ್ದರೆ ನೋಂದಣಿ. ಯಾವ ರಾಜ್ಯದವರೆಂಬುದು ಇಲ್ಲಿ ಅಡ್ಡ ಬರುವುದಿಲ್ಲ. ಮಕ್ಕಳ ಓದು, ಹೆರಿಗೆ, ಅಪಘಾತಕ್ಕೆ ನೆರವಿದೆ. ತೊಂಬತ್ತು ದಿನದ ಪತ್ರಕ್ಕೆ ಗುತ್ತಿಗೆದಾರ ಸತಾಯಿಸುತ್ತಾನೆ. ಬಿಡಬೇಡಿ, ಸೈಟು ಬದಲಿಸುವ ಮೊದಲೇ ಸಹಿ ಹಾಕಿಸಿಕೊಳ್ಳಿ.

ಹೆಂಗಸರ ಹಣ

ಗೃಹಲಕ್ಷ್ಮಿಯ 2,000 ಊರಿನ ರೇಷನ್ ಕಾರ್ಡಿಗೆ ಸೇರಿದ್ದು. 2024ರಲ್ಲಿ ಇಲ್ಲಿನ ಸರ್ಕಾರ ಹೆಂಗಸರಿಗಾಗಿ ಶುರುಮಾಡಿದ ಲಾಡಕಿ ಬಹೀಣ್‌ನ 1,500 ಮಹಾರಾಷ್ಟ್ರದ ನಿವಾಸಿಗಳಿಗೆ. ಎರಡೂ ಕಡೆ ಕೈ ಚಾಚಬೇಡಿ. ಸಿಕ್ಕಿಬಿದ್ದರೆ ಕನ್ನಡದವರೆಲ್ಲ ಹೀಗೇ ಅನ್ನುತ್ತಾರೆ.

ವಯಸ್ಸಾದವರು, ವಿಧವೆಯರು

ಇಲ್ಲಿನ ಪಿಂಚಣಿ ವಿಧವೆಯರಿಗೆ ಸಂಜಯ ಗಾಂಧಿ ನಿರಾಧಾರ ಯೋಜನೆಯಲ್ಲಿ, 65 ದಾಟಿದವರಿಗೆ ಶ್ರಾವಣಬಾಳ ಯೋಜನೆಯಲ್ಲಿ; ಎರಡಕ್ಕೂ ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಿರಬೇಕು. ಅಲ್ಲಿಯವರೆಗೆ ಊರಿನ ಪಿಂಚಣಿಯನ್ನೇ ಉಳಿಸಿಕೊಳ್ಳಿ.

ಜೊತೆಗಿರಲಿ

- ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್
- ಬ್ಯಾಂಕ್ ಪಾಸ್‌ಬುಕ್
- ಮಕ್ಕಳ ಶಾಲೆಯ ಟಿಸಿ
- ಬಾಡಿಗೆ ಕರಾರು
- ಇ-ಶ್ರಮ್ ಕಾರ್ಡ್ (ಅಸಂಘಟಿತ ಕಾರ್ಮಿಕರಿಗೆ ಕೇಂದ್ರ ಕೊಡುವುದು). ನೋಂದಣಿ ಉಚಿತ, ಯಾರಿಗೂ ದುಡ್ಡು ಕೊಡಬೇಡಿ